ಕಟ್ಟಡವನ್ನೂ ಸೇವೆಯನ್ನೂ ಅಂಗವಿಕಲರು ನಿಜಕ್ಕೂ ಬಳಸುವಂತೆ ಮಾಡುವುದು: ಹಂತ ಹಂತದ ಮಾರ್ಗದರ್ಶಿ

ರ‍್ಯಾಂಪ್ ಕಟ್ಟಿಸಿ, ಶೌಚಾಲಯದ ಬಾಗಿಲಿಗೆ ಗಾಲಿಕುರ್ಚಿಯ ಚಿತ್ರ ಅಂಟಿಸಿ, ಖರ್ಚಿನ ಲೆಕ್ಕ ಮುಗಿಸಿದ ಮೇಲೂ "ಒಳಗೆ ಬರಲಾಗುತ್ತಿಲ್ಲ" ಎಂಬ ದೂರು ನಿಲ್ಲದ ಕಟ್ಟಡಗಳು ಬಹಳ ಇವೆ. ಹೆಚ್ಚಿನ ಸಲ ಇದಕ್ಕೆ ಕಾರಣ ಕೆಲಸ ನಡೆದ ಕ್ರಮ. ರ‍್ಯಾಂಪ್ ಏರಿ ಬಂದವರು ಬಾಗಿಲಿನ ಹೊಸ್ತಿಲಲ್ಲಿ ಸಿಕ್ಕಿಕೊಳ್ಳುತ್ತಾರೆ, ಬಾಗಿಲು ದಾಟಿದವರಿಗೆ ಲಿಫ್ಟಿನ ಗುಂಡಿ ಎಟುಕುವುದಿಲ್ಲ, ಗುಂಡಿ ಒತ್ತಿ ಮೇಲೆ ಹೋದವರಿಗೆ ಕೌಂಟರಿನ ಹಿಂದೆ ಕುಳಿತವರ ಮುಖವೇ ಕಾಣುವುದಿಲ್ಲ. ಒಂದೊಂದನ್ನೂ ಬೇರೆ ಬೇರೆ ಗುತ್ತಿಗೆದಾರರು ಬೇರೆ ಬೇರೆ ವರ್ಷಗಳಲ್ಲಿ ಮಾಡಿರುತ್ತಾರೆ. ಆರಂಭದಿಂದ ಕೊನೆಯವರೆಗೆ ಇಡೀ ದಾರಿಯನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಈಗಾಗಲೇ ನಿಂತಿರುವ ಕಟ್ಟಡವನ್ನು ಸರಿಪಡಿಸುವ ಹೊಣೆ ಹೊತ್ತವರಿಗಾಗಿ ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ.

ಅಳತೆಗಳ ಬಗ್ಗೆ ಮೊದಲೇ ಒಂದು ಮಾತು. ಇಲ್ಲಿ ಕೊಟ್ಟಿರುವ ಅಂಕಿಗಳು ಹಲವು ದೇಶಗಳ ಕಟ್ಟಡ ಸಂಹಿತೆಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುವ ಅಳತೆಗಳು. ಐಎಸ್ಒ 21542 ಎಂಬ ಅಂತರರಾಷ್ಟ್ರೀಯ ಮಾನಕವೂ ಇದೇ ವಿಷಯಕ್ಕೆ ಮೀಸಲಾದದ್ದು. ನಿಮ್ಮ ಕಟ್ಟಡಕ್ಕೆ ಅನ್ವಯಿಸುವ ಸಂಹಿತೆ ಇನ್ನೂ ಬಿಗಿಯಾಗಿದ್ದರೆ ಅದನ್ನೇ ಅನುಸರಿಸಬೇಕು. ಕೆಲಸದ ವ್ಯಾಪ್ತಿ ರ‍್ಯಾಂಪ್ ಮತ್ತು ಶೌಚಾಲಯಕ್ಕೆ ಮುಗಿಯುವುದಿಲ್ಲ ಎಂಬುದನ್ನೂ ಆಡಳಿತದವರಿಗೆ ಮೊದಲೇ ತಿಳಿಸಿ. ವಿಶ್ವಸಂಸ್ಥೆಯ ಮಹಾಸಭೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿಯು ಕಟ್ಟಡಗಳ ಜೊತೆಗೆ ಸಾರಿಗೆ, ಮಾಹಿತಿ, ಸಂವಹನ ಮತ್ತು ಸಾರ್ವಜನಿಕರಿಗೆ ಒದಗಿಸುವ ಸೇವೆಗಳನ್ನೂ ಒಳಗೊಂಡಿದೆ.

ಹಂತ 1: ರಸ್ತೆಯಿಂದ ಕೌಂಟರಿನವರೆಗೆ ದಾರಿಯನ್ನು ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ಕಟ್ಟಡದ ನಕ್ಷೆ ಇಟ್ಟುಕೊಂಡು, ಒಬ್ಬ ವ್ಯಕ್ತಿ ವಾಹನದಿಂದ ಇಳಿಯುವ ಜಾಗದಿಂದ ಹಿಡಿದು ಕೆಲಸ ಮುಗಿಸಿ ಹೊರಗೆ ಹೋಗುವವರೆಗಿನ ಪ್ರತಿಯೊಂದು ತಿರುವನ್ನೂ ಕ್ರಮವಾಗಿ ಗುರುತಿಸಿ. ವಾಹನ ನಿಲುಗಡೆ, ಗೇಟು, ಅಂಗಳ, ಮೆಟ್ಟಿಲು, ಮುಖ್ಯ ಬಾಗಿಲು, ಭದ್ರತಾ ತಪಾಸಣೆ, ವಿಚಾರಣೆ ಮೇಜು, ಕಾಯುವ ಜಾಗ, ಲಿಫ್ಟು, ಕೌಂಟರು, ಕುಡಿಯುವ ನೀರು, ಶೌಚಾಲಯ, ತುರ್ತು ನಿರ್ಗಮನ: ಇವುಗಳಲ್ಲಿ ಒಂದನ್ನೂ ಬಿಡಬಾರದು. ಭದ್ರತಾ ತಪಾಸಣೆಯ ಚೌಕಟ್ಟನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಅದರ ಮೂಲಕ ಗಾಲಿಕುರ್ಚಿ ಹಾದುಹೋಗದಿದ್ದರೆ ಪಕ್ಕದಲ್ಲೇ ಅಗಲವಾದ ದಾರಿ ಬೇಕು.

ಎಲ್ಲರೂ ಬರುವ ಮುಖ್ಯ ದಾರಿಯನ್ನೇ ಸುಗಮಗೊಳಿಸಲು ಸಾಧ್ಯವೇ ಎಂದು ಮೊದಲು ನೋಡಿ. ಸಾಮಾನು ಇಳಿಸುವ ಹಿಂಬಾಗಿಲಿನಿಂದ ಅಂಗವಿಕಲರನ್ನು ಕರೆದೊಯ್ಯುವ ಏರ್ಪಾಡು ಅಗ್ಗವೆನಿಸಬಹುದು. ಆದರೆ ಆ ಬಾಗಿಲಿಗೆ ಬೀಗ ಬೀಳುತ್ತದೆ, ಬೀಗದ ಕೈ ಇರುವವರು ರಜೆಯಲ್ಲಿರುತ್ತಾರೆ, ಬಂದವರು ಹೊರಗೆ ಕಾಯುತ್ತಾರೆ. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಪಕ್ಕದ ಬಾಗಿಲನ್ನು ಬಳಸಿ. ಆಗಲೂ ಕಚೇರಿಯ ಅವಧಿಯುದ್ದಕ್ಕೂ ಅದು ತೆರೆದಿರಬೇಕು, ಮತ್ತು ಮುಖ್ಯ ಬಾಗಿಲಿನ ಬಳಿಯೇ ಅದರ ದಿಕ್ಕು ತೋರಿಸುವ ಫಲಕ ಇರಬೇಕು.

ಹಂತ 2: ಉಪಕರಣಗಳನ್ನೂ ಜನರನ್ನೂ ಜೊತೆಗೂಡಿಸಿ

ಬೇಕಾಗುವ ಸಾಮಗ್ರಿ ಕಡಿಮೆ. ಐದು ಮೀಟರಿನ ಸ್ಟೀಲ್ ಟೇಪು, 1200 ಮಿ.ಮೀ. ಉದ್ದದ ಸ್ಪಿರಿಟ್ ಲೆವೆಲ್, ಬಾಗಿಲಿನ ಬಿಗಿ ಅಳೆಯಲು ಸ್ಪ್ರಿಂಗ್ ತಕ್ಕಡಿ, ನೆಲದ ಮೇಲೆ ಗುರುತು ಮಾಡಲು ಸೀಮೆಸುಣ್ಣ ಮತ್ತು ಒಂದು ಮೊಬೈಲ್ ಫೋನು ಇದ್ದರೆ ಸಾಕು. 1500 ಮಿ.ಮೀ. ವ್ಯಾಸದ ವೃತ್ತವನ್ನು ಒಂದು ರಟ್ಟಿನಲ್ಲೋ ಬಟ್ಟೆಯಲ್ಲೋ ಕತ್ತರಿಸಿಕೊಂಡರೆ ತುಂಬ ಅನುಕೂಲ. ಗಾಲಿಕುರ್ಚಿ ತಿರುಗಲು ಬೇಕಾದ ಜಾಗ ಅದು. ಎಲ್ಲಿ ಹಾಸಿದಾಗ ಮಡಚಿಕೊಳ್ಳುತ್ತದೆಯೋ ಅಲ್ಲಿ ತೊಂದರೆ ಇದೆ ಎಂದರ್ಥ.

ಜನರ ವಿಷಯ ಇದಕ್ಕಿಂತ ಮುಖ್ಯ. ಗಾಲಿಕುರ್ಚಿ ಬಳಸುವವರು, ಊರುಗೋಲಿನಿಂದ ನಡೆಯುವವರು, ದೃಷ್ಟಿ ಇಲ್ಲದವರು, ಮಂದದೃಷ್ಟಿಯವರು, ಕಿವಿ ಕೇಳದವರು, ಬೌದ್ಧಿಕ ಅಂಗವೈಕಲ್ಯ ಇರುವವರು ಮತ್ತು ಅವರ ಕುಟುಂಬದವರು: ಇವರಲ್ಲಿ ಸಾಧ್ಯವಾದಷ್ಟು ಜನರನ್ನು ನಕ್ಷೆ ಸಿದ್ಧವಾಗುವ ಮೊದಲೇ ಕರೆಸಿ, ಅವರ ಸಮಯಕ್ಕೆ ತಕ್ಕ ಸಂಭಾವನೆ ಕೊಡಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡೋ ಗಾಲಿಕುರ್ಚಿಯಲ್ಲಿ ಅರ್ಧ ಗಂಟೆ ಕುಳಿತೋ ಅಧಿಕಾರಿಗಳೇ ಮಾಡುವ ಪರೀಕ್ಷೆ ಇದಕ್ಕೆ ಬದಲಿಯಾಗಲಾರದು. ವರ್ಷಗಳಿಂದ ಬಿಳಿಕೋಲು ಹಿಡಿದು ನಡೆದವರು ಏನನ್ನು ಅವಲಂಬಿಸುತ್ತಾರೆ ಎಂಬುದು ಆ ಅರ್ಧ ಗಂಟೆಯಲ್ಲಿ ತಿಳಿಯುವುದಿಲ್ಲ. ಒಬ್ಬರ ಅಗತ್ಯ ಇನ್ನೊಬ್ಬರಿಗೆ ಅಡ್ಡಿಯಾಗುವುದೂ ಉಂಟು. ಪಾದಚಾರಿ ದಾರಿಯ ಅಂಚನ್ನು ರಸ್ತೆಯ ಮಟ್ಟಕ್ಕೇ ಇಳಿಸಿದರೆ ಗಾಲಿಕುರ್ಚಿಗೆ ಒಳ್ಳೆಯದು, ಆದರೆ ದೃಷ್ಟಿ ಇಲ್ಲದವರಿಗೆ ರಸ್ತೆ ಎಲ್ಲಿ ಆರಂಭವಾಯಿತೆಂದು ತಿಳಿಯುವುದಿಲ್ಲ, ಆದ್ದರಿಂದ ಅಲ್ಲಿ ಕಾಲಿಗೂ ಕೋಲಿಗೂ ತಿಳಿಯುವ ಉಬ್ಬು ಚುಕ್ಕೆಗಳ ಎಚ್ಚರಿಕೆಯ ಟೈಲ್ಸ್ ಕಡ್ಡಾಯ. ಇಂಥವು ಇಬ್ಬರೂ ಒಟ್ಟಿಗೆ ಸ್ಥಳದಲ್ಲಿದ್ದಾಗ ಮಾತ್ರ ಬೆಳಕಿಗೆ ಬರುತ್ತವೆ.

ಹಂತ 3: ಬಾಗಿಲುಗಳನ್ನು ಮೊದಲು ಅಳೆಯಿರಿ

ರ‍್ಯಾಂಪಿಗೆ ಮೊದಲು ಬಾಗಿಲನ್ನು ನೋಡಬೇಕು, ಏಕೆಂದರೆ ಬಾಗಿಲಿನ ಹೊಸ್ತಿಲು ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ರ‍್ಯಾಂಪಿನ ಉದ್ದ ನಿರ್ಧಾರವಾಗುತ್ತದೆ. ಬಾಗಿಲನ್ನು 90 ಡಿಗ್ರಿ ತೆರೆದು, ತೆರೆದ ಹಲಗೆಯ ಮುಖದಿಂದ ಎದುರಿನ ಚೌಕಟ್ಟಿನ ಒಳ ಅಂಚಿನವರೆಗೆ ಅಳೆಯಿರಿ. ಇದು 900 ಮಿ.ಮೀ. ಇರಬೇಕು. ಇಲ್ಲಿ ಪದೇ ಪದೇ ಆಗುವ ತಪ್ಪು ಎಂದರೆ ಚೌಕಟ್ಟನ್ನು ಹೊರಗಿನಿಂದ ಅಳೆದು 900 ಇದೆ ಎಂದು ಬರೆದುಕೊಳ್ಳುವುದು. ಚೌಕಟ್ಟಿನ ಮರ ಮತ್ತು ಹಲಗೆಯ ದಪ್ಪ ಕಳೆದರೆ ಉಳಿಯುವ ಜಾಗದಲ್ಲಿ ಅನೇಕ ಗಾಲಿಕುರ್ಚಿಗಳು ತೂರುವುದಿಲ್ಲ, ತೂರಿದರೂ ಗಾಲಿ ತಳ್ಳುವವರ ಬೆರಳ ಗಂಟುಗಳು ಚೌಕಟ್ಟಿಗೆ ಉಜ್ಜುತ್ತವೆ. ಎರಡು ಹಲಗೆಗಳ ಬಾಗಿಲಾದರೆ ಒಂದೇ ಹಲಗೆ ತೆರೆದಾಗ ಈ ಅಳತೆ ಸಿಗಬೇಕು.

ಬಾಗಿಲನ್ನು ತನ್ನ ಕಡೆಗೆ ಎಳೆದು ತೆರೆಯುವವರಿಗೆ ಹಿಡಿಯ ಪಕ್ಕದಲ್ಲಿ ಕನಿಷ್ಠ 450 ಮಿ.ಮೀ. ಖಾಲಿ ಗೋಡೆ ಬೇಕು. ಅದಿಲ್ಲದಿದ್ದರೆ ಎಳೆದ ಬಾಗಿಲು ಅವರದೇ ಕುರ್ಚಿಗೆ ತಗುಲಿ ನಿಲ್ಲುತ್ತದೆ. ಆ ಮೂಲೆಯಲ್ಲಿ ಹೂಕುಂಡವೋ ಕಸದ ಬುಟ್ಟಿಯೋ ಬೆಂಕಿ ಆರಿಸುವ ಸಿಲಿಂಡರೋ ಇದ್ದರೆ ಬೇರೆಡೆಗೆ ಸರಿಸಿ. ಹಣ ಖರ್ಚಾಗದೆ ಆಗುವ ಮೊದಲ ಸುಧಾರಣೆ ಇದೇ ಇರಬಹುದು. ದುಂಡು ಹಿಡಿಯ ಬದಲು ಮುಷ್ಟಿಯಿಂದಲೋ ಮೊಣಕೈಯಿಂದಲೋ ಒತ್ತಬಹುದಾದ ಸನ್ನೆ (ಲಿವರ್) ಹಿಡಿಯನ್ನು ಹಾಕಿಸಿ. ತಾನಾಗಿ ಮುಚ್ಚುವ ಬಾಗಿಲಾದರೆ ಸ್ಪ್ರಿಂಗ್ ತಕ್ಕಡಿಯನ್ನು ಹಿಡಿಗೆ ಸಿಕ್ಕಿಸಿ ಎಳೆಯಿರಿ. ಒಳಬಾಗಿಲು ತೆರೆಯಲು ಸುಮಾರು 22 ನ್ಯೂಟನ್‌, ಅಂದರೆ ತಕ್ಕಡಿಯಲ್ಲಿ ಎರಡೂಕಾಲು ಕಿಲೋಗಿಂತ ಹೆಚ್ಚು ತೋರಿಸಿದರೆ, ಬಾಗಿಲನ್ನು ತಾನಾಗಿ ಮುಚ್ಚಿಸುವ ಸಾಧನವಾದ ಕ್ಲೋಸರನ್ನು ಸಡಿಲಿಸಬೇಕು. ಬೆಂಕಿ ತಡೆಯುವ ಬಾಗಿಲುಗಳ ಕ್ಲೋಸರನ್ನು ಮಾತ್ರ ಅಗ್ನಿ ಸುರಕ್ಷತೆಯ ತಜ್ಞರನ್ನು ಕೇಳದೆ ಮುಟ್ಟಬೇಡಿ.

ಹೊಸ್ತಿಲು ಇಲ್ಲದಿರುವುದೇ ಉತ್ತಮ. ಮಳೆನೀರಿನ ಕಾರಣಕ್ಕೆ ಇರಲೇಬೇಕಾದರೆ 12 ಮಿ.ಮೀ. ಮೀರದಂತೆ, ಎರಡೂ ಬದಿ ಇಳಿಜಾರಾಗಿ ಕೆತ್ತಿಸಿ. ನೀರು ಒಳಬಾರದಂತೆ ಬಾಗಿಲಿನ ಮುಂದೆ ಜಾಲರಿ ಹಾಕಿಸುವುದಾದರೆ, ಅದರ ಸಂದುಗಳು ಊರುಗೋಲಿನ ತುದಿ ಮತ್ತು ಸಣ್ಣ ಮುಂಗಾಲಿಗಳು ಸಿಕ್ಕಿಕೊಳ್ಳದಷ್ಟು ಕಿರಿದಾಗಿರಬೇಕು. ಸಂದುಗಳು ನಡಿಗೆಯ ದಿಕ್ಕಿಗೆ ಅಡ್ಡವಾಗಿ ಬರುವಂತೆ ಜಾಲರಿಯನ್ನು ಕೂರಿಸಬೇಕು.

ಹಂತ 4: ರ‍್ಯಾಂಪಿನ ಲೆಕ್ಕ ಹಾಕಿ, ಆಮೇಲೆ ಕಟ್ಟಿಸಿ

ಅತಿ ಹೆಚ್ಚು ಹಣ ವ್ಯರ್ಥವಾಗುವುದು ಇಲ್ಲಿ. ಗರಿಷ್ಠ ಇಳಿಜಾರು 1:12, ಅಂದರೆ ಪ್ರತಿ 1 ಮಿ.ಮೀ. ಏರಿಗೆ 12 ಮಿ.ಮೀ. ಉದ್ದ. ಬಾಗಿಲು ನೆಲದಿಂದ 450 ಮಿ.ಮೀ. ಎತ್ತರದಲ್ಲಿದ್ದರೆ ಇಳಿಜಾರಿನ ಭಾಗವೇ 5400 ಮಿ.ಮೀ. ಆಗುತ್ತದೆ; ಕೆಳಗೊಂದು ಮೇಲೊಂದು 1500 ಮಿ.ಮೀ.ಯ ಸಮತಟ್ಟು ಜಾಗ ಸೇರಿ ಒಟ್ಟು 8400 ಮಿ.ಮೀ. ಬೇಕು. ಇಷ್ಟು ಜಾಗ ಇಲ್ಲವೆಂದು ಗುತ್ತಿಗೆದಾರರು ಇಳಿಜಾರನ್ನು 1:8ಕ್ಕೋ 1:6ಕ್ಕೋ ಏರಿಸಿಬಿಡುತ್ತಾರೆ. ಅಂಥ ರ‍್ಯಾಂಪಿನಲ್ಲಿ ತಾನೇ ಗಾಲಿ ತಳ್ಳಿಕೊಂಡು ಏರುವವರು ಹಿಂದಕ್ಕೆ ಮಗುಚುವ ಅಪಾಯವಿದೆ, ಇಳಿಯುವಾಗ ಕುರ್ಚಿ ಹತೋಟಿ ತಪ್ಪುತ್ತದೆ. ಜಾಗ ಸಾಲದಿದ್ದರೆ ರ‍್ಯಾಂಪನ್ನು ಮಡಚಿ ತಿರುಗಿಸಿ, ಅದೂ ಆಗದಿದ್ದರೆ ಗಾಲಿಕುರ್ಚಿ ಎತ್ತುವ ವೇದಿಕೆ ಲಿಫ್ಟ್ ಹಾಕಿಸಿ. ಕಡಿದಾದ ರ‍್ಯಾಂಪಿಗೆ ಸಹಿ ಹಾಕಬೇಡಿ.

ಉದ್ದನೆಯ ರ‍್ಯಾಂಪಿಗೆ 1:15 ಅಥವಾ 1:20 ಹೆಚ್ಚು ಹಿತ. ಒಂದೇ ಓಟದಲ್ಲಿ 750 ಮಿ.ಮೀ.ಗಿಂತ ಹೆಚ್ಚು ಏರದೆ, ನಡುವೆ 1500 ಮಿ.ಮೀ.ಯ ಸಮತಟ್ಟು ನಿಲುಗಡೆ ಇರಬೇಕು. ತಿರುವುಗಳಲ್ಲಂತೂ ಅದು ಬೇಕೇ ಬೇಕು. ಹಿಡಿಕಂಬಿಗಳ ನಡುವೆ 1200 ಮಿ.ಮೀ. ಖಾಲಿ ಅಗಲ ಉಳಿಯಬೇಕು. ಎರಡೂ ಬದಿಗೆ 700 ಮತ್ತು 900 ಮಿ.ಮೀ. ಎತ್ತರದಲ್ಲಿ ಎರಡು ಹಿಡಿಕಂಬಿಗಳು, ಮತ್ತು ಅವು ರ‍್ಯಾಂಪ್ ಮುಗಿದ ಮೇಲೂ 300 ಮಿ.ಮೀ. ಮುಂದುವರಿಯಬೇಕು, ಏಕೆಂದರೆ ಊರುಗೋಲಿನವರಿಗೆ ಹೆಚ್ಚು ಆಸರೆ ಬೇಕಾಗುವುದು ಇಳಿಜಾರಿನಿಂದ ಸಮತಟ್ಟಿಗೆ ಕಾಲಿಡುವ ಕ್ಷಣದಲ್ಲೇ. ಅಂಚಿನಲ್ಲಿ ಸುಮಾರು 100 ಮಿ.ಮೀ. ಎತ್ತರದ ಕಟ್ಟೆ ಇದ್ದರೆ ಗಾಲಿ ಜಾರಿ ಹೊರಬೀಳುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. 1200 ಮಿ.ಮೀ. ಲೆವೆಲ್‌ನ ಒಂದು ತುದಿಯನ್ನು ರ‍್ಯಾಂಪಿನ ಏರು ಬದಿಗೆ ಊರಿ, ಇಳಿಬದಿಯ ತುದಿಯನ್ನು ಗುಳ್ಳೆ ನಡುವೆ ಬರುವವರೆಗೆ ಎತ್ತಿ, ಆ ತುದಿಯ ಕೆಳಗಿನ ಅಂತರವನ್ನು ಅಳೆಯಿರಿ. ಅದು 100 ಮಿ.ಮೀ. ಮೀರಿದರೆ ಇಳಿಜಾರು 1:12ಕ್ಕಿಂತ ಕಡಿದಾಗಿದೆ. ಒಂದೇ ಕಡೆ ಅಳೆದು ಬಿಡದೆ ಮೇಲೆ, ನಡುವೆ, ಕೆಳಗೆ ಮೂರೂ ಕಡೆ ನೋಡಿ. ಸರಾಸರಿ ಸರಿಯಿದ್ದು ಕೊನೆಯ ಒಂದು ಮೀಟರು ಮಾತ್ರ ಗೋಡೆಯಂತೆ ಏರಿರುವ ರ‍್ಯಾಂಪ್‌ಗಳು ಸಾಕಷ್ಟಿವೆ. ಅಡ್ಡ ಇಳಿಜಾರು, ಅಂದರೆ ನಡೆಯುವ ದಾರಿ ಒಂದು ಪಕ್ಕಕ್ಕೆ ವಾಲುವುದು, 1:50 ಮೀರಬಾರದು. ಹೊಳಪಿನ ಗ್ರಾನೈಟ್ ಹಾಸಿದ್ದರೆ ಒಂದು ಬಕೆಟ್ ನೀರು ಸುರಿದು ನಡೆದು ನೋಡಿ; ಜಾರಿದರೆ ಅದನ್ನು ಒರಟಾಗಿಸಬೇಕು. ಅಡ್ಡಡ್ಡಲಾಗಿ ಆಳದ ಗೀರುಗಳನ್ನು ಕೊರೆಸುವುದು ಪರಿಹಾರವಲ್ಲ, ಏಕೆಂದರೆ ಪ್ರತಿ ಗೀರೂ ಗಾಲಿಕುರ್ಚಿಯನ್ನು ಕುಲುಕಿಸುತ್ತದೆ.

ಮೆಟ್ಟಿಲುಗಳನ್ನು ತೆಗೆಸಬೇಡಿ. ಕೃತಕ ಕಾಲು ಧರಿಸಿದವರಿಗೆ ಮತ್ತು ಕೀಲುನೋವಿನ ಅನೇಕರಿಗೆ ಹಿಡಿಕಂಬಿ ಇರುವ ಮೆಟ್ಟಿಲೇ ರ‍್ಯಾಂಪಿಗಿಂತ ಸುಲಭ.

ಹಂತ 5: ಪಡಸಾಲೆ ಮತ್ತು ಲಿಫ್ಟ್

ಎರಡು ಗಾಲಿಕುರ್ಚಿಗಳು ಎದುರುಬದುರಾಗುವ ಪಡಸಾಲೆಗೆ 1800 ಮಿ.ಮೀ. ಅಗಲ ಬೇಕು, ಸಾಮಾನ್ಯ ಪಡಸಾಲೆಗೆ 1500 ಸಾಕು. ಗೋಡೆಯಿಂದ ಹೊರಚಾಚಿದ ವಸ್ತುಗಳ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಬಿಳಿಕೋಲು ನೆಲದ ಹತ್ತಿರದ ಅಡ್ಡಿಯನ್ನು ಹಿಡಿಯುತ್ತದೆ, ಎದೆಯೆತ್ತರದ ಪೆಟ್ಟಿಗೆಯನ್ನು ಹಿಡಿಯುವುದಿಲ್ಲ. ಆದ್ದರಿಂದ ನೆಲದಿಂದ ಸುಮಾರು 700 ಮಿ.ಮೀ.ನಿಂದ 2000 ಮಿ.ಮೀ.ವರೆಗಿನ ಎತ್ತರದಲ್ಲಿ ಗೋಡೆಯಿಂದ 100 ಮಿ.ಮೀ.ಗಿಂತ ಹೆಚ್ಚು ಯಾವುದೂ ಚಾಚಿರಬಾರದು. ಮೆಟ್ಟಿಲಿನ ಅಡಿಯ ತೆರೆದ ಜಾಗಕ್ಕೆ ತಡೆಗಂಬಿ ಹಾಕಿಸಿ. ನೇರ ನಡೆದು ಬಂದವರ ಹಣೆ ಅಲ್ಲಿ ಬಡಿಯುತ್ತದೆ.

ಲಿಫ್ಟಿನ ಒಳಗೆ ಕನಿಷ್ಠ 1100 ಮಿ.ಮೀ. ಅಗಲ, 1400 ಮಿ.ಮೀ. ಆಳ ಮತ್ತು 900 ಮಿ.ಮೀ. ಬಾಗಿಲು ಬೇಕು. ಗುಂಡಿಗಳು 900ರಿಂದ 1200 ಮಿ.ಮೀ. ಎತ್ತರದಲ್ಲಿ, ಉಬ್ಬಕ್ಷರ ಮತ್ತು ಬ್ರೈಲ್‌ ಸಹಿತ ಇರಲಿ. ಮುಟ್ಟಿದರೆ ಸಾಕು ಎನ್ನುವ ಸಪಾಟು ಗಾಜಿನ ಗುಂಡಿಗಳನ್ನು ಹಾಕಿಸಬೇಡಿ, ದೃಷ್ಟಿ ಇಲ್ಲದವರು ಹುಡುಕುವಾಗಲೇ ಎಲ್ಲ ಮಹಡಿಗಳೂ ಒತ್ತಿಹೋಗುತ್ತವೆ. ಒಳಗೆ ತಿರುಗಲು ಜಾಗವಿಲ್ಲದ ಲಿಫ್ಟಿನ ಹಿಂಗೋಡೆಗೆ ಕನ್ನಡಿ ಇರಬೇಕು. ಹಿಂದಕ್ಕೆ ಸರಿದು ಹೊರಬರುವವರಿಗೆ ದಾರಿ ಕಾಣುವುದು ಅದರಲ್ಲೇ. ಮಹಡಿಯನ್ನು ಹೇಳುವ ಧ್ವನಿಯನ್ನು ಕಿರಿಕಿರಿಯೆಂದು ಯಾರಾದರೂ ಆರಿಸಿಲ್ಲವೇ ಎಂದು ಆಗಾಗ ಪರೀಕ್ಷಿಸಿ.

ಹಂತ 6: ಶೌಚಾಲಯ

ಬಾಗಿಲು ಹೊರಕ್ಕೆ ತೆರೆಯಬೇಕು ಅಥವಾ ಜರುಗುವಂತಿರಬೇಕು. ಒಳಕ್ಕೆ ತೆರೆಯುವ ಬಾಗಿಲು ತಿರುಗುವ ಜಾಗವನ್ನು ನುಂಗುತ್ತದೆ. ಒಳಗೆ ಯಾರಾದರೂ ಬಿದ್ದರೆ ಅವರ ದೇಹವೇ ಅಡ್ಡವಾಗಿ ಬಾಗಿಲು ತೆರೆಯಲಾಗುವುದಿಲ್ಲ. ಎಲ್ಲ ಸಾಮಗ್ರಿ ಕೂರಿಸಿದ ಮೇಲೆ 1500 ಮಿ.ಮೀ. ವೃತ್ತ ನೆಲದಲ್ಲಿ ಉಳಿಯಬೇಕು. ಖಾಲಿ ಕೋಣೆಯಲ್ಲಿ ಅಳೆದು ಒಪ್ಪಿಗೆ ಕೊಟ್ಟರೆ, ಆಮೇಲೆ ವಾಶ್‌ಬೇಸಿನ್ ಬಂದಾಗ ವೃತ್ತ ಮಾಯವಾಗಿರುತ್ತದೆ.

ಕಮೋಡಿನ ಆಸನದ ಮೇಲ್ಭಾಗ 450ರಿಂದ 480 ಮಿ.ಮೀ. ಎತ್ತರದಲ್ಲಿರಬೇಕು. ಒಂದು ಬದಿಗೆ ಗೋಡೆ, ಕಮೋಡಿನ ನಡುಗೆರೆಯಿಂದ ಆ ಗೋಡೆಗೆ 450ರಿಂದ 500 ಮಿ.ಮೀ.; ಇನ್ನೊಂದು ಬದಿಗೆ ಗಾಲಿಕುರ್ಚಿ ನಿಲ್ಲಿಸಿ ಆಸನಕ್ಕೆ ಜರುಗಲು 900 ಮಿ.ಮೀ. ಖಾಲಿ ಜಾಗ. ಈ ಜಾಗದಲ್ಲಿ ಬಕೆಟ್, ಕಸದ ಡಬ್ಬಿ ಇಡುವುದರಿಂದ ಶೌಚಾಲಯವೇ ನಿರುಪಯುಕ್ತವಾಗುತ್ತದೆ. ಗೋಡೆಯ ಆಸರೆ ಕಂಬಿ ಆಸನಕ್ಕಿಂತ 200ರಿಂದ 300 ಮಿ.ಮೀ. ಮೇಲೆ, ತೆರೆದ ಬದಿಯ ಕಂಬಿ ಮೇಲಕ್ಕೆ ಮಡಚುವಂತೆ ಇರಬೇಕು.

ಕಂಬಿಯನ್ನು ಗೋಡೆಗೆ ಕೂರಿಸುವ ಕೆಲಸವನ್ನು ನೀವೇ ನಿಂತು ನೋಡಿ. ಒಬ್ಬ ವ್ಯಕ್ತಿಯ ಪೂರ್ತಿ ಭಾರ ಒಮ್ಮೆಗೇ ಅದರ ಮೇಲೆ ಬೀಳುತ್ತದೆ. ಕನಿಷ್ಠ 110 ಕಿಲೋ ಭಾರ ತಾಳಬೇಕು. ಟೊಳ್ಳು ಇಟ್ಟಿಗೆಗೋ ಜಿಪ್ಸಂ ಹಲಗೆಗೋ ಪ್ಲಾಸ್ಟಿಕ್ ಬಿರಡೆ ಹೊಡೆದು ಸಿಕ್ಕಿಸಿದ ಕಂಬಿ ಕಿತ್ತುಬಂದರೆ, ಕಂಬಿಯೇ ಇಲ್ಲದಿದ್ದುದಕ್ಕಿಂತ ಹೆಚ್ಚು ಕೆಡುಕಾಗುತ್ತದೆ, ಏಕೆಂದರೆ ಅದನ್ನು ನಂಬಿಯೇ ಅವರು ಎದ್ದಿರುತ್ತಾರೆ. ಹಿಂದೆ ಗಟ್ಟಿ ಆಧಾರ ಕೊಟ್ಟು, ಒಬ್ಬ ದೃಢಕಾಯರು ಜೋತುಬಿದ್ದು ಪರೀಕ್ಷಿಸಿದ ಮೇಲಷ್ಟೇ ಬಳಕೆಗೆ ಬಿಡಿ.

ವಾಶ್‌ಬೇಸಿನ್ನಿನ ಅಡಿಯಲ್ಲಿ ಮೊಣಕಾಲು ಹೋಗುವಷ್ಟು ಜಾಗ, ಸನ್ನೆ (ಲಿವರ್) ನಲ್ಲಿ, ಕೆಳ ಅಂಚು 1000 ಮಿ.ಮೀ. ಮೀರದ ಕನ್ನಡಿ ಬೇಕು. ತುರ್ತು ಕರೆಯ ಹಗ್ಗ ನೆಲದವರೆಗೆ ಇಳಿಬಿದ್ದಿರಬೇಕು. ಒರೆಸುವಾಗ ಅಡ್ಡವೆಂದು ಅದನ್ನು ಮೇಲೆ ಕಟ್ಟಿಡುವುದು ಎಲ್ಲೆಡೆ ಕಾಣುವ ಅಭ್ಯಾಸ; ನೆಲಕ್ಕೆ ಬಿದ್ದವರಿಗೆ ಅದು ಎಟುಕದು. ಹಗ್ಗ ಎಳೆದರೆ ಎಲ್ಲಿ ಗಂಟೆ ಬಾರಿಸುತ್ತದೆ, ಯಾರು ಓಡಿ ಬರಬೇಕು ಎಂಬುದನ್ನೂ ಬರೆದಿಡಿ.

ಹಂತ 7: ಟೈಲ್ಸ್, ಬಣ್ಣ, ಫಲಕ

ಸ್ಪರ್ಶ ಟೈಲ್ಸ್ ಎರಡು ಬಗೆ. ಉದ್ದ ಗೆರೆಗಳಿರುವುದು "ಹೀಗೆ ನಡೆಯಿರಿ" ಎನ್ನುತ್ತದೆ, ಚುಕ್ಕೆಗಳಿರುವುದು "ನಿಲ್ಲಿ, ಎಚ್ಚರ" ಎನ್ನುತ್ತದೆ. ಚುಕ್ಕೆ ಟೈಲ್ಸ್ ಮೆಟ್ಟಿಲಿನ 300 ಮಿ.ಮೀ. ಮೊದಲೇ, ತಿರುವುಗಳಲ್ಲಿ ಮತ್ತು ರಸ್ತೆ ಸೇರುವಲ್ಲಿ ಬರಬೇಕು. ಎರಡನ್ನೂ ಅದಲುಬದಲು ಹಾಕಿದ, ಅಂದಕ್ಕಾಗಿ ಇಡೀ ಅಂಗಳಕ್ಕೆ ಚುಕ್ಕೆ ಹಾಸಿದ, ಗೆರೆಯ ಸಾಲನ್ನು ನೇರ ಕಂಬಕ್ಕೆ ಒಯ್ದ ಕೆಲಸಗಳು ಜನರನ್ನು ಗಾಯಗೊಳಿಸುತ್ತವೆ. ಸಾಲು ಪೂರ್ತಿಯಾದ ಮೇಲೆ ಬಿಳಿಕೋಲು ಬಳಸುವವರು ಅದರ ಮೇಲೆ ನಡೆದು ನೋಡುವವರೆಗೆ ಬಿಲ್ಲು ಪಾವತಿಸಬೇಡಿ.

ಮಂದದೃಷ್ಟಿಯವರು ಬಣ್ಣದ ವ್ಯತ್ಯಾಸವನ್ನು ನೆಚ್ಚಿಕೊಳ್ಳುತ್ತಾರೆ. ಮೆಟ್ಟಿಲಿನ ಅಂಚು, ಬಾಗಿಲಿನ ಹಿಡಿ, ಆಸರೆ ಕಂಬಿ ಇವೆಲ್ಲ ಹಿನ್ನೆಲೆಯಿಂದ ಬೇರೆಯಾಗಿ ಕಾಣಬೇಕು. ಫೋನಿನಲ್ಲಿ ಫೋಟೊ ತೆಗೆದು ಕಪ್ಪು-ಬಿಳುಪಿಗೆ ಬದಲಿಸಿ. ಆ ಚಿತ್ರದಲ್ಲಿ ಅಂಚು ಕರಗಿಹೋದರೆ ಅವರಿಗೂ ಅದು ಕಾಣುವುದಿಲ್ಲ. ಗಾಜಿನ ಬಾಗಿಲಿಗೆ ಸುಮಾರು 900 ಮತ್ತು 1500 ಮಿ.ಮೀ. ಎತ್ತರಗಳಲ್ಲಿ ಎರಡು ಗುರುತುಪಟ್ಟಿಗಳು ಬೇಕು. ಕೋಣೆಯ ಉಬ್ಬಕ್ಷರ ಫಲಕವನ್ನು ಬಾಗಿಲ ಮೇಲೆ ಅಂಟಿಸದೆ ಹಿಡಿಯ ಪಕ್ಕದ ಗೋಡೆಯಲ್ಲಿ, 1200ರಿಂದ 1500 ಮಿ.ಮೀ. ಎತ್ತರದಲ್ಲಿ ಹಾಕಿ. ಬಾಗಿಲ ಮೇಲಿದ್ದರೆ ಓದುತ್ತಿರುವವರ ಮುಖಕ್ಕೇ ಬಾಗಿಲು ಬಂದು ಬಡಿಯುತ್ತದೆ.

ಹಂತ 8: ಸೇವೆಯನ್ನೇ ಸರಿಪಡಿಸಿ

ಕೌಂಟರಿನ ಒಂದು ಭಾಗವಾದರೂ 750ರಿಂದ 800 ಮಿ.ಮೀ. ಎತ್ತರದಲ್ಲಿ, ಅಡಿಯಲ್ಲಿ 480 ಮಿ.ಮೀ. ಆಳದ ಮೊಣಕಾಲಿನ ಜಾಗದೊಂದಿಗೆ ಇರಬೇಕು. ಅಲ್ಲಿ ಕಂಪ್ಯೂಟರ್ ಪೆಟ್ಟಿಗೆ, ಕಡತಗಳ ಕಟ್ಟು ಇಡಬಾರದು. ತುಟಿಯ ಚಲನೆ ನೋಡಿ ಅರ್ಥಮಾಡಿಕೊಳ್ಳುವವರಿಗೆ ಸಿಬ್ಬಂದಿಯ ಮುಖದ ಮೇಲೆ ಬೆಳಕು ಬೀಳಬೇಕು, ಅವರ ಬೆನ್ನ ಹಿಂದೆ ಕಿಟಕಿ ಇರಬಾರದು. ಸರದಿಯನ್ನು ಕೂಗಿ ಕರೆಯುವ ಜೊತೆಗೆ ಪರದೆಯಲ್ಲೂ ತೋರಿಸಿ. ಶ್ರವಣ ಯಂತ್ರ ಬಳಸುವವರಿಗಾಗಿ ಒಂದು ಕೌಂಟರಿಗೆ ಇಂಡಕ್ಷನ್ ಲೂಪ್ (ಮೈಕಿನ ಧ್ವನಿಯನ್ನು ಕಾಂತಕ್ಷೇತ್ರದ ಮೂಲಕ ನೇರವಾಗಿ ಶ್ರವಣ ಯಂತ್ರಕ್ಕೆ ಕಳಿಸುವ ತಂತಿಯ ಸುತ್ತು) ಹಾಕಿಸಿದರೆ ಗದ್ದಲದ ನಡುವೆಯೂ ಮಾತು ಸ್ಪಷ್ಟವಾಗಿ ಕೇಳುತ್ತದೆ. ಸನ್ನೆ ಭಾಷೆಯ ದುಭಾಷಿಯನ್ನು ಮುಂಚಿತವಾಗಿ ಕೋರುವ ವಿಧಾನವನ್ನು ಎಲ್ಲರಿಗೂ ಕಾಣುವಲ್ಲಿ ಬರೆದು ಹಾಕಿ.

ಅರ್ಜಿಗಳು ಸರಳ ವಾಕ್ಯಗಳಲ್ಲಿರಲಿ. ಜಾಲತಾಣವನ್ನು ಮೌಸ್ ಮುಟ್ಟದೆ, ಟ್ಯಾಬ್ ಕೀಲಿಯಿಂದ ಮುಂದುವರಿಯುತ್ತ ಕೀಲಿಮಣೆಯೊಂದರಿಂದಲೇ ಆರಂಭದಿಂದ ಅರ್ಜಿ ಸಲ್ಲಿಸುವವರೆಗೆ ಬಳಸಿ ನೋಡಿ. ಎಲ್ಲಿ ಸಿಕ್ಕಿಕೊಂಡಿರೋ ಅಲ್ಲೇ ಪರದೆ ಓದುವ ತಂತ್ರಾಂಶ ಬಳಸುವವರೂ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚು. ಸ್ಕ್ಯಾನ್ ಮಾಡಿದ ಚಿತ್ರರೂಪದ ಸುತ್ತೋಲೆಗಳನ್ನು ಆ ತಂತ್ರಾಂಶ ಓದಲಾರದು, ಅಕ್ಷರರೂಪದ ಕಡತವನ್ನೇ ಹಾಕಬೇಕು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಹೊಳಪಿನ ವ್ಯತ್ಯಾಸದ (ಕಾಂಟ್ರಾಸ್ಟ್) ಅನುಪಾತ ಕನಿಷ್ಠ 4.5:1 ಇರಬೇಕು.

ಸಿಬ್ಬಂದಿಗೆ ಹೇಳಿಕೊಡಬೇಕಾದ್ದು ಇಷ್ಟು: ಜೊತೆಗೆ ಬಂದವರೊಡನೆ ಮಾತಾಡದೆ ನೇರವಾಗಿ ಆ ವ್ಯಕ್ತಿಯೊಡನೆಯೇ ಮಾತಾಡಿ, ನೆರವು ಬೇಕೇ ಎಂದು ಕೇಳಿ, ಹೇಗೆ ಬೇಕೆಂದು ಅವರೇ ಹೇಳಲಿ, ಕೇಳದೆ ಗಾಲಿಕುರ್ಚಿಯನ್ನು ತಳ್ಳಬೇಡಿ, ಕೈ ಹಿಡಿದು ಎಳೆಯಬೇಡಿ.

ಹಂತ 9: ಹೊರಗೆ ಹೋಗುವ ದಾರಿ

ಒಳಗೆ ಕರೆತಂದವರನ್ನು ಬೆಂಕಿ ಬಿದ್ದಾಗ ಹೊರಗೆ ಕರೆದೊಯ್ಯುವುದು ಹೇಗೆ ಎಂಬ ಪ್ರಶ್ನೆಗೆ ಬಹಳ ಕಡೆ ಉತ್ತರವಿಲ್ಲ. ಸಾಮಾನ್ಯ ಲಿಫ್ಟನ್ನು ಬೆಂಕಿಯ ಸಮಯದಲ್ಲಿ ಬಳಸುವಂತಿಲ್ಲ. ಆದ್ದರಿಂದ ಪ್ರತಿ ಮೇಲ್ಮಹಡಿಯಲ್ಲೂ ರಕ್ಷಿತ ಮೆಟ್ಟಿಲಿನ ಪಕ್ಕದಲ್ಲಿ, ಹೊಗೆ ಬೆಂಕಿ ತಡೆಯುವ ಗೋಡೆ ಬಾಗಿಲುಗಳಿರುವ ಆಶ್ರಯ ಜಾಗವೊಂದನ್ನು ಗುರುತಿಸಿ, ಅಲ್ಲಿಂದ ಕೆಳಗಿನವರೊಡನೆ ಎರಡೂ ಕಡೆಯಿಂದ ಮಾತಾಡುವ ಸಂಪರ್ಕ ಕೊಡಿ. ಮೆಟ್ಟಿಲಿಳಿಸುವ ತುರ್ತು ಕುರ್ಚಿಯನ್ನು ಅಲ್ಲೇ ಇಟ್ಟು, ಅದನ್ನು ಬಳಸಲು ಕನಿಷ್ಠ ಇಬ್ಬರಿಗೆ ತರಬೇತಿ ಕೊಡಿಸಿ. ಕಿವಿ ಕೇಳದವರಿಗೆ ಎಚ್ಚರಿಕೆಯ ಗಂಟೆಯ ಜೊತೆಗೆ ಮಿನುಗುವ ದೀಪ ಬೇಕು, ಶೌಚಾಲಯದ ಒಳಗೂ ಬೇಕು. ಅಣಕು ಕಾರ್ಯಾಚರಣೆ ನಡೆಸುವಾಗ ಅಂಗವಿಕಲರನ್ನು "ನೀವು ಕುಳಿತಿರಿ" ಎಂದು ಬಿಟ್ಟುಬಿಡದೆ ಅವರನ್ನು ಸೇರಿಸಿಕೊಂಡೇ ನಡೆಸಬೇಕು.

ಹಂತ 10: ಒಪ್ಪಿಕೊಳ್ಳುವ ಮೊದಲು ಮತ್ತು ಆಮೇಲೆ

ನೆಲಹಾಸು, ಬಣ್ಣ, ಪೀಠೋಪಕರಣ ಎಲ್ಲ ಮುಗಿದ ಮೇಲೆ ಅಳತೆಗಳನ್ನು ಮತ್ತೊಮ್ಮೆ ತೆಗೆಯಿರಿ. ಹೊಸ ಟೈಲ್ಸ್ ನೆಲವನ್ನು ಕೆಲವು ಮಿ.ಮೀ. ಎತ್ತರಿಸಿದರೂ ಹೊಸ್ತಿಲಿನ, ಕಮೋಡಿನ, ಕೌಂಟರಿನ ಲೆಕ್ಕ ತಪ್ಪುತ್ತದೆ. ನಂತರ ಎರಡನೇ ಹಂತದಲ್ಲಿ ಕರೆಸಿದವರನ್ನೇ ಕರೆಸಿ, ಯಾರ ನೆರವೂ ಇಲ್ಲದೆ ರಸ್ತೆಯಿಂದ ಒಂದು ನಿಜವಾದ ಕೆಲಸ ಮುಗಿಸಿ ಹೊರಬರುವವರೆಗೆ ಹೋಗಿಬರಲು ಕೇಳಿ. ಅವರು ನಿಂತ ಜಾಗಗಳೆಲ್ಲ ಗುತ್ತಿಗೆದಾರರ ಬಾಕಿ ಕೆಲಸದ ಪಟ್ಟಿಗೆ ಸೇರಲಿ.

ಬಳಕೆಗೆ ಬಂದ ಮೇಲೆ ಒಬ್ಬ ಸಿಬ್ಬಂದಿಯನ್ನು ಹೆಸರಿಸಿ ಹೊಣೆ ಕೊಟ್ಟು, ತಿಂಗಳಿಗೊಮ್ಮೆ ಇಡೀ ದಾರಿಯನ್ನು ನಡೆದು ನೋಡುವಂತೆ ಮಾಡಿ. ರ‍್ಯಾಂಪಿನ ಬುಡದಲ್ಲಿ ನಿಂತ ದ್ವಿಚಕ್ರ ವಾಹನ, ಸ್ಪರ್ಶ ಟೈಲ್ಸ್ ಮೇಲೆ ಹಾಸಿದ ಚಾಪೆ, ಶೌಚಾಲಯಕ್ಕೆ ಬಿದ್ದ ಬೀಗ ಅಥವಾ ಅದರೊಳಗೆ ಪೇರಿಸಿದ ಪೊರಕೆಗಳು, ಆರಿದ ಲಿಫ್ಟಿನ ಧ್ವನಿ: ಇವು ಕಂಡರೆ ಅಂದೇ ಸರಿಪಡಿಸಬೇಕು. ಲಿಫ್ಟು ಕೆಟ್ಟಂಥ ದೊಡ್ಡ ತೊಂದರೆಯಾದಾಗ ಅದನ್ನು ಜಾಲತಾಣದಲ್ಲೂ ಗೇಟಿನಲ್ಲೂ ತಕ್ಷಣ ತಿಳಿಸಿ, ದುರಸ್ತಿಯಾಗುವವರೆಗೆ ಮೇಲಿನ ಮಹಡಿಯ ಸೇವೆಯನ್ನು ನೆಲಮಹಡಿಯ ಒಂದು ಮೇಜಿನಲ್ಲಿ ಕೊಡುವ ಏರ್ಪಾಡು ಮಾಡಿ.